ಬಾಗಿಲ ಹತ್ತಿರದ ಕರಿ ನಾಯಿ

ಸೋಲಂಗ್, ಮನಾಲಿ ಹತ್ತಿರ
12 ಡಿಸೆಂಬರ್ 2024

ಅಕ್ಕಾ,

ಕ್ಷೇಮ ಎಂದು ಬರೆದರೆ ನೀನು ನಂಬುವವಳಲ್ಲ. ಆದ್ದರಿಂದ ಬೆಳಿಗ್ಗೆ ತಿಂದದ್ದನ್ನೇ ಬರೆಯುತ್ತೇನೆ. ಎರಡು ಆಲೂ ಪರೋಟ, ಮೊಸರು, ಮೂರು ಲೋಟ ಟೀ. ಮುದ್ದೆ ಇಲ್ಲ. ನೀನು ಕಟ್ಟಿಕೊಟ್ಟ ರಾಗಿಹಿಟ್ಟು ಮುಗಿದು ಹದಿನೈದು ದಿನವಾಯಿತು.

ಫೋನಿನಲ್ಲೇ ಇದನ್ನೆಲ್ಲ ಹೇಳೋಣವೆಂದರೆ ನಿನ್ನ ಕಿವಿ ಪೂರಾ ಕೈಕೊಟ್ಟಿದೆ. ಹೋದ ವಾರ ಕುಮಾರ ಫೋನನ್ನು ನಿನ್ನ ಕಿವಿಗೆ ಹಿಡಿದಾಗ ನಾನು ಕಿರುಚಿದ್ದಕ್ಕೆ ಇಲ್ಲಿನ ಅಕ್ಕಪಕ್ಕದವರು ಬಾಗಿಲು ತೆಗೆದು ನೋಡಿದರು. ನೀನು ಮಾತ್ರ 'ಲೈನ್ ಕಟ್ಟಾಯ್ತು' ಅಂದುಬಿಟ್ಟೆ. ಹಾಸ್ಟೆಲಿನ ಕಾಲದ ಹಾಗೆ ಕಾಗದವೇ ವಾಸಿ. ನೀನಂತೂ ಮಾತಾಡಿದ ಹಾಗೇ ಬರೆಯುತ್ತೀ, ಓದಿದರೆ ಎದುರಿಗೆ ಕೂತು ಬೈದ ಹಾಗಿರುತ್ತದೆ.

ಈ ಮುದುಕ ಅಲ್ಲಿ ಏನು ಮಾಡುತ್ತಾನೆ ಅಂತ ಊರವರು ಕೇಳುತ್ತಾರೆಂದು ಬರೆದಿದ್ದೆಯಲ್ಲ. ಕೇಳು. ಬೆಳಿಗ್ಗೆ ಐದೂವರೆಗೆ ಏಳುತ್ತೇನೆ. ಶೆಡ್ಡಿನ ಮುಂದೆ ಬಿದ್ದ ಹಿಮವನ್ನು ಸಲಿಕೆಯಲ್ಲಿ ಎತ್ತಿ ಹಾಕುತ್ತೇನೆ. ಆಮೇಲೆ ಸ್ಕೀ ರಿಪೇರಿ. ಸ್ಕೀ ಅಂದರೆ ಹೆಚ್ಚುಕಮ್ಮಿ ಆಳೆತ್ತರದ ಎರಡು ಪಟ್ಟಿ. ಕಾಲಿಗೊಂದೊಂದು ಸಿಕ್ಕಿಸಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವುದು. ಅದರ ತಳಕ್ಕೆ ಮೇಣ ಹಚ್ಚಿ ಇಸ್ತ್ರಿಪೆಟ್ಟಿಗೆಯಲ್ಲಿ ತಿಕ್ಕಬೇಕು. ಬಿಡದಿಯ ಕಾರಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ನಟ್ಟು ಬೋಲ್ಟು ತಿರುಗಿಸಿದ ಕೈ ನನ್ನದು. ಹತ್ತು ದಿನದ ಟೂರಿಗೆಂದು ಬಂದವನು, ಸ್ಕೀ ಬಾಡಿಗೆಗೆ ಕೊಡುವ ಈ ಶೆಡ್ಡಿನಲ್ಲಿ, ಅದರ ಮಾಲೀಕ ನರೇಶ ಸ್ಕ್ರೂ ಹಾಕುವ ಚಂದ ನೋಡಲಾರದೆ 'ಇಲ್ಲಿ ಕೊಡಪ್ಪ' ಎಂದು ಸ್ಪ್ಯಾನರ್ ಕಿತ್ತುಕೊಂಡೆ. ಅಷ್ಟೇ ಆದದ್ದು. ನನ್ನ ಶಿವಲಕ್ಷ್ಮಿ ತೀರಿಕೊಂಡ ಮೇಲೆ ಬಿಡದಿಯ ಮನೆಯಲ್ಲಿ ಒಬ್ಬನೇ ಟೀವಿಯ ಮುಂದೆ ಕೂತು ತೂಕಡಿಸುವುದಕ್ಕಿಂತ ಇದು ಎಷ್ಟೋ ಮೇಲು.

ಹನ್ನೊಂದು ಗಂಟೆಗೆ ನಮ್ಮ ಗುಂಪು ಸೇರುತ್ತದೆ. ಐದೂ ಜನ ರಿಟೈರಾದವರು. ದೆಹಲಿಯ ಮಾಥುರ್ ದಂಪತಿ, ಒಬ್ಬ ಕರ್ನಲ್, ಒಬ್ಬ ಪ್ರೊಫೆಸರ್, ನಾನು. ಎಲ್ಲರೂ ಮಧ್ಯಾಹ್ನದವರೆಗೆ ಜಾರುತ್ತೇವೆ, ಬೀಳುತ್ತೇವೆ, ಏಳುತ್ತೇವೆ. ದೊಡ್ಡ ಮನುಷ್ಯರು, ಆದರೂ ನನ್ನನ್ನು 'ಮಾಯಣ್ಣಜೀ' ಎನ್ನುತ್ತಾರೆ. ಶೆಡ್ಡಿನ ಮುಂದೆ ನಿಂತು ತೆಗೆಸಿಕೊಂಡ ಫೋಟೋವನ್ನು ಕುಮಾರನ ಫೋನಿಗೆ ಕಳಿಸುತ್ತೇನೆ, ನೋಡು.

ನಿನ್ನ ಕಂಬಳಿ ಬೆಚ್ಚಗಿದೆ.

ನಿನ್ನ ತಮ್ಮ,
ಮಾಯಣ್ಣ


ಗುಡೇಮಾರನಹಳ್ಳಿ
28 ಡಿಸೆಂಬರ್ 2024

ಮಾಯಣ್ಣ,

ನಿನ್ನ ಕಾಗದ ಮೂರು ಸಲ ಓದ್ದೆ. ಅರವತ್ತೆರಡು ವರ್ಸಕ್ಕೆ ಜಾರೋ ಆಟ ಆಡ್ತಾವ್ನೆ ನನ್ ತಮ್ಮ! ಆಡೋ ವಯಸ್ನಲ್ಲಿ ಕಲ್ಯಾಣಿ ಮೆಟ್ಲು ಇಳ್ಯಾಕೂ ನನ್ ಸೆರಗು ಹಿಡ್ಕತಿದ್ದೋನು ನೀನು. ಸೊಂಟ ಮುರ್ಕೊಂಡ್ರೆ ಅಲ್ಲಿ ಎಣ್ಣೆ ತಿಕ್ಕೋರು ಯಾರವ್ರೆ? ಒಸಿ ನಿಧಾನ.

ಕಂಬಳಿ ಬೆಚ್ಚಗೈತೆ ಅಂದ್ಯಲ್ಲ, ಅದೊಂದು ಮಾತು ಓದಿ ಹೊಟ್ಟೆ ತಣ್ಣಗಾಯ್ತು ಕಣಪ್ಪ. ಕೊಡೋವಾಗ ಕುಮಾರ ಬ್ಯಾಡ ಅಂದ. 'ಮನೆ ಗದ್ದಿಗೆ ಕಂಬಳಿ ಅದು, ಅಷ್ಟು ದೂರ ಯಾಕೆ ಕಳಿಸ್ತೀಯವ್ವ' ಅಂದ. ನಾನೇ ಅಂದೆ, ಚಳಿ ದೇಸಕ್ಕೆ ಹೋಗೋನು ನನ್ ತಮ್ಮ, ಹಬ್ಬಕ್ಕೊಂದು ದಿನ ಹಾಸೋ ಕಂಬಳಿ ಪೆಟ್ಟಿಗೇಲಿ ಕೂತು ಏನ್ ಮಾಡ್ತದೆ ಅಂತ. ಈಗ ಬೀದಿಯೋರಿಗೆಲ್ಲ ಹೇಳ್ಕಂಡ್ ಬಂದೆ. ನಮ್ಮವ್ವ ನೂತ ಕಂಬಳಿ ಹಿಮಾಲಯದಲ್ಲಿ ಐತೆ ಅಂತ. ಬೋರಲಿಂಗಯ್ಯನೂ ಖುಸಿ ಪಟ್ಕೊಂಡ. ಕುಲದ ಯಜಮಾನನಲ್ವಾ, ಅವನಿಗೆ ಅದರ ಬೆಲೆ ಗೊತ್ತು.

ನಿಂಗೆ ಗೊತ್ತಿರೋದೇ, ಆದ್ರೂ ಬರೀತೀನಿ. ನಮ್ ಮಂದೆ ಕುರಿ ಉಣ್ಣೆ. ನನ್ ಮದುವೆಗೆ, ನಿನ್ ಮದುವೆಗೆ, ಕುಮಾರನ ಮದುವೆಗೆ ಅದುನ್ನೇ ಹಾಸಿ, ಅಕ್ಕಿ ಹುಯ್ದು, ಮೇಲೆ ಕಳಸ ಮಡಗಿ ಗದ್ದಿಗೆ ಮಾಡಿದ್ದು. ಐವತ್ತು ವರ್ಸ ಅದಕ್ಕೆ ಒಂದು ಚಪ್ಲಿ ಕಾಲು ಸೋಕಿಲ್ಲ.

ಇದ್ಯಾಕೆ ಹೇಳ್ದೆ ಅಂದ್ರೆ, ನಮ್ ಮಾನ್ಯಂಗೆ ಗಂಡು ಗೊತ್ತಾಯ್ತು. ಕನಕಪುರದ ಕಡೇರು, ಹುಡ್ಗ ಮೇಷ್ಟ್ರು. ಯುಗಾದಿ ಕಳೆದು ಏಪ್ರಿಲ್ ಇಪ್ಪತ್ತಕ್ಕೆ ಧಾರೆ. ಬರೋವಾಗ ಕಂಬಳಿ ತತ್ತೀಯಲ್ಲ, ಮೊಮ್ಮಗಳಿಗೂ ಅದುನ್ನೇ ಹಾಸ್ಬೇಕು ಅಂತ ಬೋರಲಿಂಗಯ್ಯಂಗೆ ಮಾತು ಕೊಟ್ಟಿವ್ನಿ.

ನಿಮ್ಮಕ್ಕ,
ದಾಸಮ್ಮ


ಸೋಲಂಗ್
14 ಜನವರಿ 2025

ಅಕ್ಕಾ,

ಮಾನ್ಯಳಿಗೆ ಮದುವೆ ಎಂದರೆ ನಂಬಲಾಗುತ್ತಿಲ್ಲ. ನನ್ನ ಹೆಗಲ ಮೇಲೆ ಕೂತು ಕೂದಲು ಕೀಳುತ್ತಿದ್ದವಳು. ಅವಳಿಗೆ ನನ್ನ ಆಶೀರ್ವಾದ ತಿಳಿಸು. ಖಂಡಿತ ಬರುತ್ತೇನೆ.

ಈ ವಾರ ಹಿಮ ಮಂಡಿಯವರೆಗೆ ಬಿದ್ದಿದೆ. ನಿನ್ನೆ ಇಪ್ಪತ್ತೆರಡು ಜೊತೆ ಸ್ಕೀಗೆ ಮೇಣ ಹಾಕಿದೆ. ಪ್ರೊಫೆಸರ್ ಬಿದ್ದು ಮಣಿಕಟ್ಟು ಉಳುಕಿಸಿಕೊಂಡರು. ಕರ್ನಲ್ ಮಾತ್ರ ಎಪ್ಪತ್ತಾದರೂ ಹುಡುಗನಂತೆ ಇಳಿಯುತ್ತಾರೆ. ನಾನು ಈಗ ಅರ್ಧ ಗುಡ್ಡದಿಂದ ಬೀಳದೆ ಇಳಿಯುತ್ತೇನೆ, ತಿರುವಿನಲ್ಲಿ ಮಾತ್ರ ಎದೆ ಹೊಡೆದುಕೊಳ್ಳುತ್ತದೆ. ಮಿಸೆಸ್ ಮಾಥುರ್ ಸಂಕ್ರಾಂತಿಗೆಂದು ಎಳ್ಳುಂಡೆ ಕೊಟ್ಟರು. ನಮ್ಮ ಕಡೆ ಎಳ್ಳು ಬೆಲ್ಲ ಬೀರುತ್ತೇವೆ ಎಂದೆ. ಕುರಿಗಳಿಗೆ ಸ್ನಾನ ಮಾಡಿಸಿ ಬಣ್ಣ ಬಳಿಯುತ್ತಿದ್ದದ್ದನ್ನು ಯಾಕೋ ಹೇಳಲಿಲ್ಲ.

ಕಂಬಳಿಯ ವಿಷಯ. ಅಕ್ಕಾ, ಅದು ತುಂಬ ಹಳೆಯದು. ಅಲ್ಲಲ್ಲಿ ಸವೆದಿದೆ. ಗಂಡಿನ ಕಡೆಯವರು ಓದಿಕೊಂಡವರು, ಅವರ ಮುಂದೆ ಅದನ್ನು ಹಾಸಿದರೆ ಚೆನ್ನಾಗಿರುತ್ತದೆಯೇ? ಈಗ ಎಷ್ಟು ಮನೆಗಳಲ್ಲಿ ಗದ್ದಿಗೆ ಮಾಡುತ್ತಾರೆ? ಮಾಡಲೇಬೇಕೆಂದರೆ ಹೊಸದೊಂದನ್ನು ತರೋಣ. ಯೋಚನೆ ಮಾಡು. ನನಗೇನೂ ಅವಸರವಿಲ್ಲ.

ಮಾಯಣ್ಣ


ಗುಡೇಮಾರನಹಳ್ಳಿ
30 ಜನವರಿ 2025

ಮಾಯಣ್ಣ,

ನಿನ್ ಮನಸು ನಂಗೆ ಅರ್ಥವಾಯ್ತು. ಅಷ್ಟು ಚಳೀಲಿ ಅದುನ್ನ ಬುಟ್ಟು ಮಲಗಾಕೆ ಆಗಾಕಿಲ್ಲ, ಅದುಕ್ಕೆ ಹಿಂದೆ ಮುಂದೆ ನೋಡ್ತಾ ಇದ್ದೀಯ. ಒಂದು ದಿನದ ಮಟ್ಟಿಗೆ ತಾರಪ್ಪ, ಧಾರೆ ಮುಗುದ್ ತಕ್ಷಣ ನೀನೇ ವಾಪಸ್ ತಕಂಡ್ ಹೋಗು. ನಾನೇನು ಕಿತ್ಕಳಾಕಿಲ್ಲ.

ಗಂಡಿನೋರ ಮುಂದೆ ಚೆನ್ನಾಗಿರಾಕಿಲ್ಲ ಅಂತ ಬರ್ದಿದ್ದೀಯ. ಅವರೂ ನಮ್ಮೋರೇ. ಹುಡುಗನ ತಾತ ಈಗ್ಲೂ ನೂರು ಕುರಿ ಮೇಯಿಸ್ತಾನಂತೆ. ಅವರ ಮುಂದೆ ನಾವು ಯಾಕೆ ನಾಚ್ಕಳಾದು?

ಕುಮಾರ ಫೋನ್ನಲ್ಲಿ ನಿನ್ ಫೋಟೋ ತೋರಿಸ್ದ. ಟೋಪಿ ಏನು, ಕಪ್ಪು ಕನ್ನಡ್ಕ ಏನು! ಗುರ್ತೇ ಸಿಗಾಕಿಲ್ಲ ಅಂದೆ. ನಿನ್ ಹಿಂದ್ಗಡೆ ಬಾಗಿಲ ಹತ್ರ ಕರ್ರಗೆ ಏನೋ ಬಿದ್ದೈತೆ, ಅದರ ಮೇಲೆ ಯಾರ್ದೋ ಬೂಟು ಕಾಲೂ ಐತೆ. ನಾಯಿ ಸಾಕಿದ್ದೀಯೇನಪ್ಪಾ? ನಾಯಿ ಆದ್ರೆ ಪಾಪ, ಅದುನ್ನ ತುಳ್ಯಾಕೆ ಬುಡಬ್ಯಾಡ.

ದಾಸಮ್ಮ


ಸೋಲಂಗ್
15 ಫೆಬ್ರವರಿ 2025

ಅಕ್ಕಾ,

ಹೌದು, ನಾಯಿಯೇ. ಇಲ್ಲಿನ ನಾಯಿಗಳಿಗೆ ಮೈತುಂಬ ಕೂದಲು. ಚಳಿಗೆ ಬಾಗಿಲಲ್ಲೇ ಮುದುಡಿ ಮಲಗುತ್ತದೆ. ಕರಿಯ ಎಂದು ಹೆಸರಿಟ್ಟಿದ್ದೇನೆ. ಯಾರೂ ತುಳಿದಿಲ್ಲ, ಫೋಟೋದಲ್ಲಿ ಹಾಗೆ ಕಾಣುತ್ತದೆ ಅಷ್ಟೆ.

ನಿನ್ನೆ ಕುಲ್ಲೂ ಪೇಟೆಗೆ ಹೋಗಿ ಮದುವೆಗೆಂದು ಹೊಸ ಕಂಬಳಿ ತೆಗೆದುಕೊಂಡೆ. ಇಲ್ಲಿನ ಕುರಿಯ ಉಣ್ಣೆ, ಮುಟ್ಟಿದರೆ ಹತ್ತಿಯ ಹಾಗಿದೆ, ಅಂಚಿಗೆ ಬಣ್ಣದ ಹೂವಿದೆ. ಕೊರಿಯರಿನಲ್ಲಿ ಕಳಿಸಿದ್ದೇನೆ. ಗದ್ದಿಗೆಗೆ ಇದನ್ನೇ ಹಾಸಿ. ಹಳೆಯದನ್ನು ಅಷ್ಟು ದೂರ ರೈಲಿನಲ್ಲಿ ಹೊತ್ತು ತರುವುದು ಬೇಡ, ಇಲ್ಲೇ ಭದ್ರವಾಗಿರಲಿ. ಬೋರಲಿಂಗಯ್ಯನವರಿಗೆ ನಾನೇ ಹೇಳಿದೆನೆಂದು ಹೇಳು. ಉಣ್ಣೆ ಅಂದರೆ ಉಣ್ಣೆ ತಾನೆ, ದೇವರು ಭೇದ ಮಾಡುತ್ತಾನೆಯೇ?

ಇಲ್ಲಿ ಎಲ್ಲ ಚೆನ್ನಾಗಿದೆ. ಗುಡ್ಡದ ತುದಿಯಿಂದ ಇಳಿಯುವುದನ್ನು ಕಲಿತೆ.

ಮಾಯಣ್ಣ


ಗುಡೇಮಾರನಹಳ್ಳಿ
3 ಮಾರ್ಚ್ 2025

ಮಾಯಣ್ಣ,

ಪಾರ್ಸಲ್ ಬಂತು. ಚೆನ್ನಾಗೈತೆ. ಮಾನ್ಯ ಹೊದ್ಕಂಡು ನೋಡಿದ್ಲು, ಅವಳಿಗೇ ಇರಲಿ ಅಂದೆ.

ಕರಿಯಂಗೆ ಹೊತ್ತೊತ್ತಿಗೆ ಅನ್ನ ಹಾಕು.

ದಾಸಮ್ಮ


ಸೋಲಂಗ್
20 ಮಾರ್ಚ್ 2025

ಅಕ್ಕಾ,

ನಿನ್ನ ಮೂರು ಸಾಲಿನ ಕಾಗದ ಬಂದು ಒಂದು ವಾರವಾಯಿತು. ಜೇಬಿನಲ್ಲೇ ಇದೆ. ನೀನು ಎಂದೂ ಮೂರು ಸಾಲು ಬರೆದವಳಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾಯಿ ಇಲ್ಲ. ಯಾವತ್ತೂ ಇರಲಿಲ್ಲ. ಬಾಗಿಲಲ್ಲಿ ಬಿದ್ದಿದ್ದದ್ದು ಅವ್ವನ ಕಂಬಳಿ.

ಹೇಗಾಯಿತೆಂದು ಬರೆಯದೆ ಹೋದರೆ ಮತ್ತೊಂದು ಸುಳ್ಳಾಗುತ್ತದೆ. ನವೆಂಬರಿನಲ್ಲಿ, ಬಂದ ಹೊಸತು. ನಾನು ಶೆಡ್ಡಿನ ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತು ಟೀ ಕುಡಿಯುತ್ತಿದ್ದೆ. ಹೊರಗೆ ಯಾರೋ ಕರೆದರೆಂದು ಅದನ್ನು ಬೆಂಚಿನ ಮೇಲೇ ಬಿಟ್ಟು ಹೋದೆ. ವಾಪಸ್ಸು ಬರುವಷ್ಟರಲ್ಲಿ ಆ ಗುಂಪಿನವರು ಒಳಗೆ ಬಂದಿದ್ದರು. ಮಿಸೆಸ್ ಮಾಥುರ್ ಮೂಗಿಗೆ ಕರವಸ್ತ್ರ ಹಿಡಿದು, 'ಇದೇನು ಕುರಿ ವಾಸನೆ? ಯಾರದ್ದಿದು?' ಎಂದರು. ಕೆಟ್ಟ ಹೆಂಗಸಲ್ಲ ಅಕ್ಕಾ, ಸುಮ್ಮನೆ ಕೇಳಿದ್ದು. ನನ್ನದು, ನಮ್ಮವ್ವ ನೂತದ್ದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಏನೆಂದೆ ಗೊತ್ತೇ? 'ಶೆಡ್ಡಿನದ್ದು. ಮೊದಲಿನಿಂದ ಇಲ್ಲೇ ಬಿದ್ದಿತ್ತು' ಎಂದೆ. ಅಂದುಬಿಟ್ಟ ಮೇಲೆ ಅದನ್ನು ಮತ್ತೆ ಹೊದೆಯುವುದು ಹೇಗೆ? ಮಾತು ನಿಜವೆಂದು ಕಾಣಲಿ ಅಂತ ಮಾರನೆಯ ದಿನ ನಾನೇ, ಈ ಕೈಯಲ್ಲೇ, ಅದನ್ನು ಮಡಿಸಿ ಬಾಗಿಲಿಗೆ ಹಾಕಿದೆ. ಬೂಟು ಒರೆಸಲು. ನಿನಗೆ ಬೆಚ್ಚಗಿದೆ ಎಂದು ಬರೆದ ದಿನವೂ ಅದು ಅಲ್ಲೇ ಇತ್ತು. ನಾನು ಅದನ್ನು ದಾಟಿಕೊಂಡೇ ಅಂಚೆ ಡಬ್ಬದವರೆಗೆ ಹೋದೆ.

ದಾಟಿಕೊಂಡು ಅಂದೆ. ಮೊದಮೊದಲು ದಾಟುತ್ತಿದ್ದೆ. ಆಮೇಲೆ ನಾನೂ ತುಳಿದೆ.

ಜನವರಿಯಲ್ಲಿ ಇಸ್ತ್ರಿಪೆಟ್ಟಿಗೆ ಕೈಜಾರಿ ಅದರ ಮೇಲೆ ಬಿತ್ತು. ಅಂಗೈಯಗಲ ಸುಟ್ಟು ತೂತಾಗಿದೆ. ಹಳೆಯದು, ಸವೆದಿದೆ ಎಂದು ನಾನು ಬರೆದದ್ದು ಅದನ್ನೇ.

ಹೋದ ಭಾನುವಾರ ಇಲ್ಲಿನ ಒಬ್ಬ ಮುದುಕ ಶೆಡ್ಡಿಗೆ ಬಂದ. ತಿಲಕ್‌ರಾಮ್ ಅಂತ. ಈ ಬೆಟ್ಟಗಳಲ್ಲಿ ಕುರಿ ಮೇಯಿಸುವ ಜನ. ಈಗ ಮಂದೆಯನ್ನು ಮಗನಿಗೆ ಬಿಟ್ಟಿದ್ದಾನೆ. ಸೊಂಟಕ್ಕೆ ಕರಿ ಉಣ್ಣೆಯ ಹಗ್ಗ ಸುತ್ತಿಕೊಂಡಿರುತ್ತಾನೆ. ನಾವೆಲ್ಲ ಒಳಗೆ ಒಲೆಯ ಸುತ್ತ ಕೂತಿದ್ದೆವು. ಅವನು ಹೊಸ್ತಿಲಲ್ಲಿ ನಿಂತುಬಿಟ್ಟ. ಬಾ ಎಂದರೂ ಬರಲೊಲ್ಲ. ಕೆಳಗೇ ನೋಡುತ್ತಿದ್ದ. ಆಮೇಲೆ ಹಿಮದಲ್ಲಿ ನಿಂತುಕೊಂಡೇ ಬೂಟು ಕಳಚಿದ, ಬಗ್ಗಿ ಕಂಬಳಿ ಎತ್ತಿಕೊಂಡ, ಕೊಡವಿದ, ಕಣ್ಣಿಗೊತ್ತಿಕೊಂಡ. ಎಳೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, 'ಇದು ನಮ್ಮ ಕಡೆಯದಲ್ಲ. ಕೈಯಲ್ಲಿ ನೂತದ್ದು. ಯಾರ ತಾಯಿಯದು ಇದು?' ಎಂದ.

ಯಾರ ತಾಯಿಯದು ಎಂದು ಕೇಳಿದ, ಅಕ್ಕಾ. ಎಲ್ಲರೂ ನನ್ನ ಕಡೆ ನೋಡಿದರು, ಶೆಡ್ಡಿನ ಸಾಮಾನಿನ ಲೆಕ್ಕ ನನಗೇ ಗೊತ್ತಿರುವುದೆಂದು. ನಾನು 'ಗೊತ್ತಿಲ್ಲ' ಎಂದೆ.

ಅವನು ಹೊರಗಿನ ತಂತಿಯ ಮೇಲೆ ಕಂಬಳಿಯನ್ನು ಒಣಹಾಕಿ, ಒಳಗೆ ಬರದೆಯೇ ಹೊರಟುಹೋದ. ಎಲ್ಲರೂ ಎದ್ದು ಹೋದ ಮೇಲೆ ನಾನು ಅದನ್ನು ತೆಗೆದುಕೊಂಡು ಬಂದೆ. ನಾಲ್ಕು ಸಲ ತಣ್ಣೀರಿನಲ್ಲಿ ಜಾಲಿಸಿದೆ. ಮೇಣ ಹೋಗಲಿಲ್ಲ, ಉಗುರಿನಲ್ಲಿ ಕೆರೆದೆ. ಅದರಲ್ಲಿ ಈಗ ಕುರಿಯ ವಾಸನೆಯೇ ಇಲ್ಲ. ಬೂಟಿನ ವಾಸನೆ ಇದೆ. ಅದನ್ನು ಮುಖಕ್ಕೆ ಒತ್ತಿಕೊಂಡು ಅತ್ತೆ, ಅರವತ್ತೆರಡು ವರ್ಷದ ಗಂಡಸು.

ಮಾನ್ಯಳ ಮದುವೆಗೆ ನಾನು ಯಾವ ಮುಖ ಹೊತ್ತು ಬರಲಿ? ಆ ಗದ್ದಿಗೆಯ ಮುಂದೆ ಹೇಗೆ ನಿಲ್ಲಲಿ? ಕಂಬಳಿಯನ್ನು ಪಾರ್ಸಲ್ ಮಾಡುತ್ತೇನೆ, ನೀನು ಏನು ಬೇಕಾದರೂ ಮಾಡು. ನಾನು ಬರುವುದಿಲ್ಲ. ಕಾಲು ಉಳುಕಿದೆ ಎಂದು ಊರವರಿಗೆ ಹೇಳಿಬಿಡು.

ಇಂಥ ಮಾತು ನನ್ನ ಬಾಯಲ್ಲಿ ಬಂದದ್ದು ಇದೇ ಮೊದಲಲ್ಲ. ಇನ್ನೊಂದಿದೆ, ಬಹಳ ಹಳೆಯದು. ಅದನ್ನು ಬರೆಯಲು ಕೂತರೆ ಕೈ ಓಡುವುದಿಲ್ಲ.

ಮಾಯಣ್ಣ


ಗುಡೇಮಾರನಹಳ್ಳಿ
1 ಏಪ್ರಿಲ್ 2025

ಮಾಯಣ್ಣ,

ಇವತ್ತು ನಿನ್ ಕಾಗದ ಬಂತು. ಇವತ್ತೇ ಬರೀತಾ ಇದ್ದೀನಿ. ಕುಮಾರಂಗೆ ಹೇಳಿ ಸ್ಪೀಡ್ ಪೋಸ್ಟಲ್ಲಿ ಹಾಕುಸ್ತೀನಿ.

ಅದು ನಾಯಿ ಅಲ್ಲ ಅಂತ ನಂಗೆ ಫೋಟೋ ನೋಡ್ದ ದಿನವೇ ಗೊತ್ತಿತ್ತು. ಕುಮಾರ ಬೆರಳಲ್ಲಿ ದೊಡ್ಡದು ಮಾಡಿ ತೋರಿಸ್ದ. ಯಾವ ನಾಯಿಗಪ್ಪಾ ಅವ್ವ ಹಾಕಿದ್ ಬಿಳಿ ಅಂಚು ಇರ್ತದೆ? ಕಿವಿ ಹೋಗೈತೆ, ಕಣ್ಣು ಹೋಗಿಲ್ಲ. ಆದ್ರೂ ನಾಯಿನಾ ಅಂತ ಕೇಳ್ದೆ. ಇವತ್ತಲ್ಲ ನಾಳೆ 'ಅಲ್ಲ ಕಣಕ್ಕಾ' ಅಂತೀಯ ಅಂದ್ಕಂಡೆ. ನೀನು ಅದುಕ್ಕೆ ಹೆಸ್ರು ಬ್ಯಾರೆ ಇಟ್ಟು ಕಳಿಸ್ದೆ! ಆವತ್ತು ನಗಾದೋ ಅಳಾದೋ ಗೊತ್ತಾಗ್ಲಿಲ್ಲ. ಅದುಕ್ಕೇ ಮೂರು ಸಾಲು ಬರ್ದಿದ್ದು.

ನಿಂಗೆ ಬರ್ಯಾಕೆ ಕೈ ಬರ್ದೇ ಇರೋದುನ್ನ ನಾನೇ ಬರೀತೀನಿ.

ನೀನು ರಾಮನಗರದ ಹಾಸ್ಟೆಲ್ಲಲ್ಲಿ ಎಂಟ್ನೇ ಕ್ಲಾಸು. ಧನುರ್ಮಾಸದ ಚಳಿ. ಅವ್ವ ಇದೇ ಕಂಬಳಿ ಕೊಟ್ಟು, 'ಹುಡ್ಗ ನಡುಗ್ತಾ ಇರ್ತಾನೆ, ಕೊಟ್ಟು ಬಾ' ಅಂತ ನನ್ನ ಕಳಿಸಿದ್ಲು. ಮಂದೆ ಬುಟ್ಟು ಹಂಗೇ ಬಂದಿದ್ದೆ, ಸೀರೆ ಎಲ್ಲ ಕುರಿ ಗಂಜಳ. ಗೇಟ್ ಹತ್ರ ನಿಂತು ಕೂಗಿದ್ದುಕ್ಕೆ ನಿನ್ ಜೊತೆ ನಾಲ್ಕು ಹುಡುಗ್ರು ಬಂದ್ರು. 'ಯಾರ್ಲಾ ಇವ್ಳು' ಅಂತ ಒಬ್ಬ ಕೇಳ್ದ. 'ನಮ್ಮೂರಲ್ಲಿ ಕುರಿ ಕಾಯೋಳು' ಅಂದೆ ನೀನು. ನನ್ ಹತ್ರ ಬಂದು 'ಕಂಬಳಿ ಬ್ಯಾಡ, ಇಲ್ಲಿ ಕೊಟ್ಟವ್ರೆ' ಅಂದೆ. ನಾನು 'ಆಯ್ತಪ್ಪ' ಅಂತ ವಾಪಸ್ ಬಂದೆ. ಅವ್ವಂಗೆ, ಹಾಸ್ಟೆಲ್ಲಲ್ಲಿ ಒಳ್ಳೇ ರಗ್ಗು ಕೊಟ್ಟವ್ರೆ, ಹುಡ್ಗ ಚೆನ್ನಾಗವ್ನೆ ಅಂದೆ.

ನಂಗೆ ಕೇಳಿಸ್ಲಿಲ್ಲ ಅಂತ ಐವತ್ತು ವರ್ಸ ಅಂದ್ಕಂಡಿದ್ದೀಯ. ಆಗ ನಂಗೆ ಕಿವಿ ಚೆನ್ನಾಗೇ ಕೇಳ್ತಿತ್ತು ಕಣಪ್ಪ.

ಹದಿಮೂರು ವರ್ಸದ ಹುಡುಗ, ಹೋಗ್ಲಿ ಅಂತ ನುಂಗ್ಕಂಡೆ. ಈಗ ನಿಂಗೆ ಅರವತ್ತೆರಡು. ಈಗ ನುಂಗಾಕಿಲ್ಲ. ಕಾಲು ಉಳುಕೈತೆ ಅಂತ ನಾನು ಯಾರಿಗೂ ಸುಳ್ಳು ಹೇಳಾಕಿಲ್ಲ. ಪಾರ್ಸಲ್ಲೂ ಬ್ಯಾಡ. ಬೋರಲಿಂಗಯ್ಯಂಗೆ ತೂತಿನ ವಿಷಯ ಹೇಳಿವ್ನಿ, ಹೆಂಗಾಯ್ತು ಅಂತಾನೂ ಹೇಳಿವ್ನಿ. 'ತುಳ್ದೋನೇ ಹೊಲ್ದು ಹಾಸ್ಲಿ' ಅಂದ. ಕುಮಾರನ ಕುರಿ ಉಣ್ಣೇಲಿ ನೂಲು ನೂತು ಮಡಗಿವ್ನಿ. ಜಗಲಿ ಮೇಲೆ ಕೂತು, ಬಂದೋರೆಲ್ಲ ನೋಡ್ತಾ ಇರೋವಾಗ ನೀನೇ ಹೊಲಿ. ಕೇಳ್ದೋರಿಗೆ ನೀನೇ ಹೇಳು. ನಾಚ್ಕೆ ಆಯ್ತದೆ. ಆಗ್ಲಿ.

ಹದಿನೆಂಟ್ನೇ ತಾರೀಕು ರೈಲಿಳಿದು ಹಾಸ್ಟೆಲ್ ಹತ್ರ ಬಾ. ಕಟ್ಟಡ ಹೊಸದಾಗೈತಂತೆ, ಗೇಟು ಮಾತ್ರ ಅದೇ ಜಾಗದಲ್ಲಿ ಐತೆ ಅಂತ ಕುಮಾರ ಅಂದ. ನಾನು ಅಲ್ಲೇ ನಿಂತಿರ್ತೀನಿ. ಕಂಬಳಿ ಬ್ಯಾಗಲ್ಲಿ ತುರುಕ್ಕಂಡು ಬರಬ್ಯಾಡ, ಹೆಗಲ ಮೇಲೆ ಹಾಕ್ಕಂಡು ಬಾ. ಸಾಯಂಕಾಲದೊತ್ತಿಗೆ ಬಂದ್ರೆ ಹಾಸ್ಟೆಲ್ ಹುಡುಗ್ರು ಆಚೆಗೇ ಇರ್ತಾರೆ. ಯಾರಾದ್ರೂ ಒಬ್ಬ 'ಯಾರು ಈವಮ್ಮ' ಅಂತ ಕೇಳೇ ಕೇಳ್ತಾನೆ.

ಕೇಳುದ್ರೆ ಒಸಿ ಜೋರಾಗಿ ಹೇಳು. ಈಗ ನಂಗೆ ಕಿವಿ ಕೇಳಾಕಿಲ್ಲ.

ನಿಮ್ಮಕ್ಕ,
ದಾಸಮ್ಮ